ಸಮುದ್ರದಿಂದ ಹೊರಟ ಹೊಳೆ

ಕೊಪ್ಪಳ

ಸ್ಕಾಟ್ಲೆಂಡಿನಲ್ಲಿ ನಾವು ದಾರಿ ತಪ್ಪಿದ್ದು ಬಲಕ್ಕೆ ತಿರುಗಿದ್ದರಿಂದ. ಮೂವರೂ ಒಪ್ಪುವುದು ಇಷ್ಟನ್ನೇ. ಬಲಕ್ಕೆ ತಿರುಗೋಣ ಎಂದವರು ಯಾರು, ಆಗ ಬಿಸಿಲಿತ್ತೋ ಮೋಡವಿತ್ತೋ, ಕುರಿಗಳು ಸಿಕ್ಕಿದ್ದು ಹೋಗುವಾಗಲೋ ಬರುವಾಗಲೋ ಎಂದು ಕೇಳಿದರೆ ಮೂರು ಬಾಯಿಂದ ಮೂರು ಉತ್ತರ ಬರುತ್ತವೆ. ಮೂರರಲ್ಲಿ ನನ್ನ ಉತ್ತರದ ಮೇಲೆಯೇ ನನಗೆ ಹೆಚ್ಚು ಅನುಮಾನ. ಧಾರವಾಡದಲ್ಲಿ ತರ್ಕಶಾಸ್ತ್ರ ಓದಿ, ನಿವೃತ್ತಿಯಾಗುವವರೆಗೆ ಕೊಪ್ಪಳದ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದವನು ನಾನು. ಯಾರು ಏನು ಹೇಳಿದರೂ 'ನೀವು ಕಂಡಿದ್ದೀರಾ?' ಎಂದು ಕೇಳುವುದು ನನ್ನ ರೂಢಿ. ಈಚೆಗೆ ಆ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುವಂತಾಗಿದೆ.

ಕಾರಣವಿದೆ. ಒಂದು ಸಂಜೆ ಜವಾಹರ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ, ತರಕಾರಿ ಕೊಂಡು, ನಡೆದುಕೊಂಡೇ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಸ್ಕೂಟರ್ ಕಳುವಾಗಿದೆ ಎಂದು ಓಣಿಯೆಲ್ಲ ಕೂಡಿಸಿದೆ. ಇನ್ನೊಮ್ಮೆ ಹೆಂಡತಿ ಗಿರಿಜಾಳಿಗೆ ಒಂದೇ ಸುದ್ದಿಯನ್ನು ಒಂದೇ ಊಟದಲ್ಲಿ ಎರಡು ಸಲ ಹೇಳಿದೆನಂತೆ. ಕುಷ್ಟಗಿಯ ಹೈಸ್ಕೂಲಿನಲ್ಲಿ ಟೀಚರಾಗಿರುವ ಮಗಳಿಗೆ ಇದೆಲ್ಲ ಮುಟ್ಟಿತು. ಹುಬ್ಬಳ್ಳಿಯಲ್ಲಿ ಮರೆವಿನ ಪರೀಕ್ಷೆ ಮಾಡುವ ಡಾಕ್ಟರೊಬ್ಬರಿದ್ದಾರೆ, ತೋರಿಸಿಕೊಂಡು ಬರೋಣ ಎಂದಳು. ನಾನು ಒಪ್ಪಲಿಲ್ಲ. ಮರೆವನ್ನು ಅಳೆಯುವವನಿಗೆ ತನ್ನ ನೆನಪು ಸರಿಯಿದೆ ಎಂದು ಯಾರು ಅಳೆದುಕೊಟ್ಟರು?

ಅಷ್ಟರಲ್ಲಿ ಭಾವಮೈದುನ ಬಸವರಾಜ ಹಡಗಿನ ಪ್ರವಾಸದ ಮಾತು ತೆಗೆದ. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ನೌಕರಿ ಮಾಡಿ, ಈಗ ಗಂಗಾವತಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದಾನೆ. ಜೀವಮಾನವೆಲ್ಲ ಡ್ಯಾಮಿನ ನೀರು, ಕಾಲುವೆಯ ನೀರು ನೋಡಿದವನಿಗೆ ಒಮ್ಮೆ ಸಮುದ್ರದ ಮೇಲೆ ಮಲಗುವ ಆಸೆ. ಅವನ ಹೆಂಡತಿ ಮಾತ್ರ, ಅಲುಗಾಡುವ ಮನೆಯಲ್ಲಿ ತನಗೆ ನಿದ್ದೆ ಬಾರದು ಎಂದು ಊರಲ್ಲೇ ಉಳಿದಳು.

ಹಡಗು ಬ್ರಿಟನ್ನಿನ ಸುತ್ತ ಸುತ್ತುತ್ತಾ ದಿನಕ್ಕೊಂದು ಬಂದರಿನಲ್ಲಿ ನಿಲ್ಲುತ್ತದೆ. ಸ್ಕಾಟ್ಲೆಂಡಿನ ಬಂದರಿನಲ್ಲಿ ಎಲ್ಲರಂತೆ ಬಸ್ಸು ಹತ್ತುವುದು ಬೇಡ, ಕಾರು ಬಾಡಿಗೆ ಹಿಡಿದು ನಾನೇ ಗುಡ್ಡಗಾಡು ಸುತ್ತಿಸಿಕೊಂಡು ಬರುತ್ತೇನೆ ಎಂದೆ. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುತ್ತಾರೆ. ಒಂದು ತಿಂಗಳು ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಆ ದಾರಿಯನ್ನು ಬಾಯಿಪಾಠ ಮಾಡಿದೆ. ಕೂಡುರಸ್ತೆ, ಸೇತುವೆ, ಚರ್ಚು, ಪೆಟ್ರೋಲ್ ಬಂಕು. ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಒಂದು ದಿನ ಊಟಕ್ಕೆ ಕೂತಾಗ ಗಿರಿಜಾ ಕೇಳಿದಳು: "ಅಲ್ರಿ, ದಾರಿ ತಪ್ಪಿ ಹಡಗ ಬಿಟ್ಟು ಹೋದ್ರ?"

"ತಪ್ಪೂದಿಲ್ಲ. ತಪ್ಪಿದ್ರ ಮಗಳು ಹೇಳಿದಂಗ ಹುಬ್ಬಳ್ಳಿಗೆ ಬರ್ತೀನಿ. ತಪ್ಪಲಿಲ್ಲಂದ್ರ ಆ ಡಾಕ್ಟರನ ಹೆಸರು ಈ ಮನ್ಯಾಗ ಎತ್ತಬಾರ್ದು."

"ಮಾಮಾ, ಇದು ಭಾಳ ಛಲೋ ಪಂದ್ಯ ಆತು," ಎಂದು ಬಸವರಾಜ ನಕ್ಕ. ಅವನೂ ಅಂದು ನಮ್ಮಲ್ಲೇ ಊಟಕ್ಕಿದ್ದ. ಪಂದ್ಯ ಕಟ್ಟಿದ್ದು ನನಗೆ ನೆನಪಿರುವುದು ಹೀಗೆ.

ಬಂದರು

ಇನ್ವರ್‌ಗಾರ್ಡನ್ ಎಂಬ ಆ ಊರಿನ ಮುಂದೆ ಸಮುದ್ರ ಒಳಗೆ ಚಾಚಿಕೊಂಡು ಕೆರೆಯಂತೆ ನಿಂತಿದೆ. ಅದರ ನಡುವೆ, ಎಣ್ಣೆ ತೆಗೆಯುವ ದೊಡ್ಡ ಕಬ್ಬಿಣದ ಅಟ್ಟಗಳು ಕೆಲಸವಿಲ್ಲದೆ ನೀರಲ್ಲಿ ಕಾಲಿಟ್ಟು ನಿಂತಿದ್ದವು. ಬಸವರಾಜ ಡೆಕ್ಕಿನ ಮೇಲಿಂದ ಅವನ್ನು ನೋಡಿ, "ಗೇಟು ಅದಾವ, ಡ್ಯಾಮ ಇಲ್ಲ," ಎಂದ.

ಹಡಗಿನಲ್ಲಿ ಪರಿಚಯವಾದ ಮೈಸೂರಿನ ದಂಪತಿಗೆ ಗಿರಿಜಾಳ ತವರು ಮಂಗಳೂರು ಎಂದು ಗೊತ್ತಾಗಿತ್ತು. ಆ ಹೆಂಗಸು, "ನಿಮಗೇನು ಬಿಡಿ, ಸಮುದ್ರ ಹೊಸದಲ್ಲ," ಎಂದರು.

"ನಮ್ಮ ಮಂಗಳೂರು ಯಲಬುರ್ಗಾ ಕಡೀದ್ರಿ," ಎಂದಳು ಗಿರಿಜಾ. "ಅಲ್ಲಿ ಬೋರ್‌ವೆಲ್ ಹೊಡದ್ರೂ ನೀರ ಬರೂದಿಲ್ಲ."

ಕಾರು ಕೊಟ್ಟ ಹುಡುಗಿ ನನ್ನ ಲೈಸೆನ್ಸ್ ಹಿಂದೆ ಮುಂದೆ ತಿರುಗಿಸಿ ನೋಡಿ, ಸಂಜೆ ಹಡಗು ಹೊರಡುವ ಮೊದಲು ಬನ್ನಿ, ಹಡಗು ಯಾರಿಗೂ ಕಾಯುವುದಿಲ್ಲ ಎಂದಳು. ಇದನ್ನು ಎಷ್ಟು ಮೃದುವಾಗಿ ಹೇಳಿದಳೆಂದರೆ, ಎದುರಿಗೆ ನಿಂತವನು ಆಗಲೇ ಹಡಗು ತಪ್ಪಿಸಿಕೊಂಡಿದ್ದಾನೆ ಎನ್ನುವಂತಿತ್ತು.

ಕಾರಿನೊಳಗೆ ದಾರಿ ಹೇಳುವ ಯಂತ್ರವಿತ್ತು. ಹಿಂದೆ ಬಾಡಿಗೆಗೆ ಒಯ್ದವರು ಯಾವುದೋ ಭಾಷೆ ಹಾಕಿ ಹೋಗಿದ್ದರು. ಅದು ಒಂದೇ ಸವನೆ ನಮ್ಮನ್ನು ಬೈದಂತೆ ಮಾತಾಡತೊಡಗಿತು. ಬಸವರಾಜ ಏನೋ ಒತ್ತಿ ಅದರ ಬಾಯಿ ಮುಚ್ಚಿಸಿದ. ಮತ್ತೆ ಬಾಯಿ ತೆರೆಸಲು ಯಾರಿಂದಲೂ ಆಗಲಿಲ್ಲ. ನನಗೆ ಒಳಗೊಳಗೇ ಸಂತೋಷ. ಪಂದ್ಯ ಈಗ ಶುದ್ಧವಾಯಿತು.

ಎಡಕ್ಕೆ ಓಡಿಸುವುದೇನೋ ನಮ್ಮಂತೆಯೇ. ಆದರೆ ತಿರುವಿನ ದೀಪ ಹಾಕುವ ಕಡ್ಡಿ ನಮ್ಮ ಕಾರಿನಲ್ಲಿ ಬಲಗೈಗೆ, ಅವರ ಕಾರಿನಲ್ಲಿ ಎಡಗೈಗೆ. ಪ್ರತಿ ತಿರುವಿನಲ್ಲೂ ನಾನು ದೀಪ ಹಾಕಲು ಹೋಗಿ ಗಾಜು ಒರೆಸುವ ವೈಪರ್ ಹಾಕುತ್ತಿದ್ದೆ. ಮಳೆಯಿಲ್ಲದ ಆಕಾಶದ ಕೆಳಗೆ ಅದು ಕೀರ್ ಕೀರ್ ಎಂದು ಎರಡು ಕೈ ಬೀಸುತ್ತಿತ್ತು.

"ಮಾಮಾ, ಯಾರಿಗೆ ಟಾಟಾ ಮಾಡ್ತೀರಿ?" ಎಂದ ಬಸವರಾಜ.

ಗುಡ್ಡದ ದಾರಿ

ಊರು ದಾಟಿದ ಮೇಲೆ ದಾರಿ ಗುಡ್ಡ ಹತ್ತಿತು. ನಮ್ಮ ಕಡೆಯ ಗುಡ್ಡಗಳು ಬಂಡೆ ಪೇರಿಸಿ ಇಟ್ಟಂತೆ. ಇವರ ಗುಡ್ಡಗಳ ಮೇಲೆ ಯಾರೋ ಹಳೆಯ ಕಂಬಳಿ ಹೊದಿಸಿದ್ದಾರೆ. ಹೆಚ್ಚು ಮರವಿಲ್ಲ, ಮನುಷ್ಯರಿಲ್ಲ. ಒಂದೆಡೆ ದಾರಿ ಒಮ್ಮೆಲೇ ಬಾಗಿ, ಕೆಳಗೆ ನೀರಿನ ದೊಡ್ಡ ಬಯಲು ತೆರೆದುಕೊಂಡಿತು. ಅದು ನದಿಯೋ ಸಮುದ್ರವೋ ಎಂದು ಗಿರಿಜಾ ಕೇಳಿದಳು. ನಾನು ನದಿ ಎಂದೆನೋ ಸಮುದ್ರ ಎಂದೆನೋ ಈಗ ಹೇಳಲಾರೆ. ಎರಡನ್ನೂ ಅಂದಿರಬಹುದು.

ಕೆಳಗಿಳಿದು, ಉದ್ದದ ಸೇತುವೆ ದಾಟಿದ ಮೇಲೆ ದಾರಿ ಒಂದೇ ಕಾರಿನ ಅಗಲಕ್ಕೆ ಬಂತು. ಎದುರಿಗೆ ಗಾಡಿ ಬಂದರೆ ಇಬ್ಬರಲ್ಲಿ ಒಬ್ಬರು ಬದಿಯ ಸಣ್ಣ ಜಾಗಕ್ಕೆ ಸರಿದು ನಿಲ್ಲಬೇಕು. ದಾಟಿ ಹೋಗುವವರು ಸ್ಟಿಯರಿಂಗಿನಿಂದ ಕೈ ತೆಗೆಯದೆ ಒಂದೇ ಬೆರಳೆತ್ತುತ್ತಾರೆ. ಅದು ಅವರ ಧನ್ಯವಾದ. ಬಸವರಾಜ ಪ್ರತಿಯೊಬ್ಬರಿಗೂ ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದ. ಟ್ರ್ಯಾಕ್ಟರಿನ ಮುದುಕನೊಬ್ಬ ಗಾಬರಿಯಾಗಿ ಗಾಡಿಯನ್ನೇ ನಿಲ್ಲಿಸಿ, ಏನಾದರೂ ತೊಂದರೆಯೇ ಎಂದು ವಿಚಾರಿಸಿದ.

ಇನ್ನೊಂದು ಕಡೆ ತೋಟದ ಗೇಟಿನ ಮುಂದೆ ಪೆಟ್ಟಿಗೆಯಲ್ಲಿ ಕೋಳಿಮೊಟ್ಟೆ ಇಟ್ಟಿದ್ದರು. ಮಾರುವವರಿಲ್ಲ. ರೊಕ್ಕ ಹಾಕಲು ಒಂದು ಡಬ್ಬಿ, ಅಷ್ಟೆ. ಬಸವರಾಜ ಗೇಟು ಹಿಡಿದು, "ಯಾರದೀರ್ರಿ? ಒಳಗ ಯಾರದೀರ್ರಿ?" ಎಂದು ಬಹಳ ಹೊತ್ತು ಕೂಗಿದ. ಒಂದು ಬೆಕ್ಕು ಬಂದು ನೋಡಿ ಹೋಯಿತು.

"ಹಿಂಗ ಬಿಟ್ಟು ಹೋದ್ರ ನಮ್ಮ ಕಡಿ ಪೆಟ್ಟಿಗೀನೂ ಉಳಿಯೂದಿಲ್ಲ," ಎಂದ.

"ಇಲ್ಲೂ ಉಳಿಯೂದಿಲ್ಲ ಅನ್ನೂದಕ್ಕ ಏನ ಆಧಾರ?" ಎಂದೆ. ಗಿರಿಜಾ ಹಿಂದಿನ ಸೀಟಿನಿಂದ ನಿಟ್ಟುಸಿರುಬಿಟ್ಟಳು.

ಮೀನು ಹಾರುವ ಜಾಗ

ನಾವು ನೋಡಹೊರಟದ್ದು ಒಂದು ಸಣ್ಣ ಜಲಪಾತ. ಸಾಲ್ಮನ್ ಎಂಬ ಮೀನು ಸಮುದ್ರದಿಂದ ಬಂದು, ತಾನು ಹುಟ್ಟಿದ ಹಳ್ಳವನ್ನು ಹುಡುಕಿಕೊಂಡು, ಈ ಬೀಳುವ ನೀರಿಗೆ ಎದುರಾಗಿ ಮೇಲಕ್ಕೆ ಹಾರುತ್ತದಂತೆ. ನೀರು ಚಹಾದ ಬಣ್ಣ. ಇಲ್ಲಿಯ ನೆಲದ ಕೊಳೆತ ಸೊಪ್ಪಿನಿಂದ ಆ ಬಣ್ಣ ಬರುತ್ತದೆ.

ಬಹಳ ಹೊತ್ತು ಕಟಕಟೆ ಹಿಡಿದು ನಿಂತೆವು. ಗಿರಿಜಾ ಕಟ್ಟಿಕೊಂಡು ಬಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಅಲ್ಲೇ ಮುಗಿದವು. ಪಕ್ಕದಲ್ಲಿ ನಿಂತಿದ್ದವನು ರೊಟ್ಟಿ ಮುರಿಯುವ ಸದ್ದಿಗೆ ತಿರುಗಿ ನೋಡಿ, ಕೂಡಲೇ ಕ್ಷಮೆ ಕೇಳಿದ. ಇಲ್ಲಿ ಸದ್ದು ಮಾಡಿದವರಲ್ಲ, ಕೇಳಿಸಿಕೊಂಡವರು ಕ್ಷಮೆ ಕೇಳುತ್ತಾರೆ.

ಒಮ್ಮೆಲೇ ಬಸವರಾಜ, "ಅಲ್ಲಿ! ಅಲ್ಲಿ ಹಾರ್ತು!" ಎಂದು ಕೂಗಿದ. ಗಿರಿಜಾ ತಾನೂ ಕಂಡೆ ಎಂದಳು. ನನಗೆ ನೊರೆಯಲ್ಲಿ ಬೆಳ್ಳಗೆ ಏನೋ ಹೊಳೆದಂತಾಯಿತು. ಅದು ಮೀನೋ, ನೀರೋ, ಅವರು ಕೂಗಿದ್ದರಿಂದ ನನ್ನ ಕಣ್ಣು ಮಾಡಿಕೊಂಡ ಮೀನೋ? ಮನೆಯಲ್ಲಿ ಯಾರಾದರೂ ಕೇಳಿದರೆ ನೋಡಿದೆ ಎನ್ನುತ್ತೇನೆ. ಹಾಗೆ ನಾಲ್ಕು ಸಲ ಅಂದ ಮೇಲೆ ನೋಡಿಯೇ ಇರುತ್ತೇನೆ. ನೆನಪು ಹೀಗೆಯೇ ಹುಟ್ಟುತ್ತದೆ ಎಂದು ತರಗತಿಯಲ್ಲಿ ನಾನೇ ಹೇಳುತ್ತಿದ್ದೆ. ಆಗ ಅದು ಜಾಣತನದ ಮಾತಾಗಿತ್ತು.

ಕೂಡುರಸ್ತೆ

ಹಿಂದಿರುಗುವಾಗ ಜಲಪಾತದ ಸಣ್ಣ ದಾರಿ ಇಳಿದು ದೊಡ್ಡ ದಾರಿಗೆ ಸೇರುವಲ್ಲಿ ಕಾರು ನಿಲ್ಲಿಸಿದೆ. ಎದುರಿಗೆ ಅಗಲವಾದ ನೀರು. ಅದರ ದಂಡೆಗೆ ಒತ್ತಿಕೊಂಡು ದಾರಿ ಎಡಕ್ಕೂ ಹೋಗುತ್ತದೆ, ಬಲಕ್ಕೂ ಹೋಗುತ್ತದೆ. ಬೆಳಿಗ್ಗೆ ಇಲ್ಲಿಂದಲೇ ಬಂದಿದ್ದೆವು. ಆದರೆ ಬಂದ ಮುಖ ಬೇರೆ, ಈಗಿನ ಮುಖ ಬೇರೆ. ತಿಂಗಳಿಡೀ ಬಾಯಿಪಾಠ ಮಾಡಿದ ನಕ್ಷೆಯನ್ನು ಕರೆದೆ. ಎರಡು ನಕ್ಷೆ ಬಂದವು. ಒಂದರಲ್ಲಿ ಸೇತುವೆ ಎಡಕ್ಕಿತ್ತು, ಇನ್ನೊಂದರಲ್ಲಿ ಬಲಕ್ಕಿತ್ತು. ಎರಡೂ ಅಷ್ಟೇ ಸ್ಪಷ್ಟ. ಫೋನಿಗೆ ಸಿಗ್ನಲ್ ಇರಲಿಲ್ಲ.

ಆಗ ನಾನು 'ಎಡಕ್ಕಿರಬೇಕು' ಎಂದೆ. ಮೆಲ್ಲಗೆ ಅಂದೆ. ಇದು ನನ್ನ ನೆನಪು. ನೀವು ಅಂದದ್ದು 'ಬಲಕ್ಕಿರಬೇಕು' ಎಂದು ಬಸವರಾಜ ಹೇಳುತ್ತಾನೆ. ಏನೂ ಅನ್ನಲಿಲ್ಲ, ವೈಪರ್ ಹಾಕಿ ಸುಮ್ಮನೆ ಕೂತಿದ್ದಿರಿ ಎನ್ನುತ್ತಾಳೆ ಗಿರಿಜಾ.

"ಯಾಕ ಚಿಂತಿ ಮಾಡ್ತೀರಿ ಮಾಮಾ?" ಎಂದ ಬಸವರಾಜ. "ಬಂದರ ಎಲ್ಲೈತಿ? ಸಮುದ್ರದಾಗ. ಹೊಳಿ ಎಲ್ಲಿಗೆ ಹೊಕ್ಕೈತಿ? ಸಮುದ್ರಕ್ಕ. ನೀರಿನ ಜೋಡಿ ಹೋದ್ರ ಮುಗೀತು. ಬಂದರ ಅಂದ್ರ ಟೇಲೆಂಡ್."

ನಮ್ಮ ಕಾಲುವೆ ಸೀಮೆಯಲ್ಲಿ ದಿಕ್ಕು ಹೇಳುವುದೇ ಹೀಗೆ. ಮೇಲೆ ಎಂದರೆ ಡ್ಯಾಮಿನ ಕಡೆ, ಕೆಳಗೆ ಎಂದರೆ ನೀರು ಕೊನೆಗೆ ಮುಟ್ಟುವ ಟೇಲೆಂಡಿನ ಕಡೆ. ಕತ್ತಲಲ್ಲಿ ಹೊಲದ ನಡುವೆ ದಾರಿ ತಪ್ಪಿದರೂ ಕಾಲುವೆಗೆ ಕೈ ಅದ್ದಿ ನೋಡಿದರೆ ಊರು ಯಾವ ಕಡೆ ಎಂದು ತಿಳಿಯುತ್ತದೆ. ಬಸವರಾಜ ಇಳಿದು ಹೋಗಿ ಒಂದು ಹುಲ್ಲುಕಡ್ಡಿ ಕಿತ್ತು ನೀರಿಗೆ ಹಾಕಿದ. ನೌಕರಿಯಲ್ಲಿದ್ದಷ್ಟು ದಿನವೂ ಮಾಡಿದ ಕೆಲಸ. ಕಡ್ಡಿ ಒಂದು ಗಳಿಗೆ ಅನುಮಾನಿಸಿ, ಆಮೇಲೆ ಬಲಕ್ಕೆ ಹೊರಟಿತು.

"ಬಲಕ್ಕ ಹೊಡೀರಿ!"

ಇದರಲ್ಲಿ ತರ್ಕದೋಷ ಹುಡುಕಿದೆ. ಕಾಣಲಿಲ್ಲ. ಕನ್ನಡಿಯಲ್ಲಿ ಗಿರಿಜಾಳ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಎರಡೂ ಕೈಯಲ್ಲಿ ಸೀಟಿನ ಬೆಲ್ಟು ಹಿಡಿದಿದ್ದಳು. ನಾನು ಬಲಕ್ಕೆ ತಿರುಗಿದೆ.

ನೀರಿನ ಅಂಚು

ಸಮುದ್ರ ಹತ್ತಿರವಾದಂತೆ ನೀರು ಅಗಲವಾಗಬೇಕಿತ್ತು. ಆದರೆ ಕಿರಿದಾಗುತ್ತಾ ಹೋಯಿತು. ಗುಡ್ಡಗಳು ಹತ್ತಿರ ಬಂದವು. ಬೆಳಿಗ್ಗೆ ಕಂಡಿದ್ದ ಒಂದು ಮನೆ ಕಂಡಿತು, ಅಥವಾ ಅಂಥದೇ ಇನ್ನೊಂದು ಮನೆ. ಎಲ್ಲ ಮನೆಗಳೂ ಬಿಳಿ, ಎಲ್ಲಕ್ಕೂ ಕರಿ ಮಾಡು. ದಾರಿ ಸರಿಯಿದೆ ಎಂದು ಎಷ್ಟು ಸಲ ಹೇಳಿಕೊಂಡೆನೋ, ಅಷ್ಟು ಸಲ ಅದು ಸರಿಯಾಗಿ ಕಂಡಿತು. ಬಸವರಾಜ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದ. ಹಡಗು ಹೊರಟು ಹೋದರೆ ನಮ್ಮ ಬಟ್ಟೆ, ಗಿರಿಜಾಳ ಬಿ.ಪಿ. ಗುಳಿಗೆ ಎಲ್ಲ ಅದರೊಂದಿಗೇ ಮುಂದಿನ ಬಂದರಿಗೆ ಹೋಗುತ್ತವೆ.

"ಒಂದ್ ಸ್ವಲ್ಪ ನಿಲ್ಲಸ್ರಿ," ಎಂದಳು ಗಿರಿಜಾ.

"ಈಗೇನ?"

"ನಿಲ್ಲಸ್ರಿ ಅಂದೆ."

ನೀರು ದಾರಿಯ ಮಗ್ಗುಲಿಗೇ ಬಂದಿತ್ತು. ಅವಳು ಚಪ್ಪಲಿ ಬಿಟ್ಟು ಕಲ್ಲಿನ ಮೇಲಿಳಿದು, ಹುಲಿಗಿಯಲ್ಲಿ ದೇವಿಯ ದರ್ಶನಕ್ಕೆ ಮೊದಲು ಹೊಳೆಗಿಳಿದಾಗ ಮಾಡುವಂತೆಯೇ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಲೆಗೆ ಚಿಮುಕಿಸಿಕೊಂಡಳು. "ಹುಲಿಗೆಮ್ಮಾ, ಹಡಗ ಮುಟ್ಟಿಸವ್ವ," ಎಂದು ಬೊಗಸೆಯಲ್ಲಿ ತೀರ್ಥ ತೆಗೆದುಕೊಂಡಳು. ತೆಗೆದುಕೊಂಡವಳು ಥೂ ಎಂದು ಉಗುಳಿದಳು.

"ಯಾಕಕ್ಕಾ?" ಎಂದ ಬಸವರಾಜ.

"ಉಪ್ಪ ಐತೋ!"

ಬಸವರಾಜ ಓಡಿಹೋಗಿ ತಾನೂ ನಾಲಗೆಗೆ ಹಚ್ಚಿಕೊಂಡ. ನಾನೂ ಹಚ್ಚಿಕೊಂಡೆ. ಬೇಳೆಗೆ ಉಪ್ಪು ಕಡಿಮೆಯಾದಾಗ ಇರುವಷ್ಟು ಉಪ್ಪು. ಮೂವರೂ ನೀರನ್ನೇ ನೋಡುತ್ತಾ ನಿಂತೆವು. ಅದು ಗುಡ್ಡದ ಕಡೆಗೆ, ಒಳಕ್ಕೆ, ಸಾವಕಾಶವಾಗಿ ಹರಿಯುತ್ತಿತ್ತು. ದಂಡೆಯ ಹುಲ್ಲು ಒಂದೊಂದೇ ಎಸಳಾಗಿ ಮುಳುಗುತ್ತಿತ್ತು.

"ಅಯ್ಯೋ," ಎಂದ ಬಸವರಾಜ. "ಸಮುದ್ರ ಒಳಗ ಬರಾಕತ್ತೈತಿ! ನೀರ ಸಮುದ್ರದಿಂದ ಹೊಂಟೈತಿ, ಮಾಮಾ!"

ಉಬ್ಬರ, ಇಳಿತ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಕಡಲತಡಿಯ ಮಗುವಿಗೂ ಗೊತ್ತಿರುವ ಸಂಗತಿ. ಆದರೆ ಗೇಟು ಎತ್ತಿದರೆ ಹರಿಯುವ, ಇಳಿಸಿದರೆ ನಿಲ್ಲುವ ನೀರನ್ನು ಕಂಡು ಬೆಳೆದ ನಮಗೆ, ಅದೇ ನೀರು ಮನಸ್ಸು ಬದಲಿಸಿ ಹಿಂದಿರುಗಬಹುದು ಎಂದು ಹೊಳೆದಿರಲಿಲ್ಲ. ಬಸವರಾಜ ಕಲ್ಲಿನ ಮೇಲೆ ಕುಕ್ಕರಿಸಿ, ಯಾರೋ ಆಪ್ತರು ಮೋಸ ಮಾಡಿದಂತೆ ಆ ನೀರನ್ನು ನೋಡಿದ.

"ಏಳೋ ಬಸೂ," ಎಂದಳು ಗಿರಿಜಾ. "ನೀರಿಗೆ ಆಮ್ಯಾಲ ಬೈಯಾಕ ಬರ್ತದ."

ಕುರಿಗಳು

ಕಾರು ಹಿಂದಕ್ಕೆ ತಿರುಗಿಸಿದೆ. ಅವಸರದಲ್ಲಿದ್ದಾಗ ಎಲ್ಲ ದೇಶದಲ್ಲೂ ಕುರಿಗಳು ದಾರಿಗೆ ಬರುತ್ತವೆ. ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿದ್ದ ಹೆಂಗಸೊಬ್ಬಳು ಹಿಂಡನ್ನು ಇನ್ನೊಂದು ಹೊಲಕ್ಕೆ ದಾಟಿಸುತ್ತಿದ್ದಳು. ಬಸವರಾಜ ತಡೆಯಲಾರದೆ ಇಳಿದು, ಟವೆಲ್ ಬೀಸುತ್ತಾ "ಹ್ಯಾ! ಹ್ಯಾ! ನಡೀರಿ!" ಎಂದು ಒದರಿದ. ಕುರಿಗಳು ನಿಂತು ಅವನನ್ನೇ ನೋಡತೊಡಗಿದವು.

"ಇವಕ್ಕೂ 'ರಿ' ಹಚ್ಚತೀಯಲ್ಲೋ," ಎಂದಳು ಗಿರಿಜಾ.

ನಾನು ಬಂದರಿನ ದಾರಿ ಕೇಳಿದೆ. ಆ ಹೆಂಗಸು ಒಳ್ಳೆಯ ಮನಸ್ಸಿನಿಂದ ಹೇಳತೊಡಗಿದಳು. "ನೇರ ಹೋಗಿ, ಸೇತುವೆ ದಾಟಿ, ದಾಟಿದ ಮೇಲೆ ಬಲಕ್ಕೆ. ಅಲ್ಲ, ಎಡಕ್ಕೆ. ತಾಳಿ." ಸೇತುವೆ ದಾಟಿದವಳಂತೆ ದಾರಿಯಲ್ಲೇ ಒಮ್ಮೆ ಸುತ್ತು ತಿರುಗಿ ನಿಂತು, ಎರಡೂ ಕೈ ನೋಡಿಕೊಂಡಳು. "ಎಡಕ್ಕೆ. ಕ್ಷಮಿಸಿ, ನಾನು ದಿನಾ ಹೋಗುವ ದಾರಿ, ಅದಕ್ಕೇ ಹೇಳಲು ಬರುವುದಿಲ್ಲ." ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು.

ಜಲಪಾತದ ಕೂಡುರಸ್ತೆಯನ್ನು ಈ ಸಲ ನಿಲ್ಲದೆ ದಾಟಿದೆವು. ಸೇತುವೆ ಬಂತು. ಎಡಕ್ಕೆ ತಿರುಗಿದಾಗ ನಾನು ದೀಪವನ್ನೇ ಹಾಕಿದೆ, ವೈಪರ್ ಹಾಕಲಿಲ್ಲ. ಬಂದರಿನಲ್ಲಿ ಹಗ್ಗ ಬಿಚ್ಚುವವರು ಕೈಗವಸು ಹಾಕಿಕೊಂಡು ನಿಂತಿದ್ದರು. ಕಾರಿನ ಕೀಲಿಯನ್ನು ಆ ಹುಡುಗಿಯ ಕೈಗೆ ತುರುಕಿ ಓಡಿದೆವು. ನಮ್ಮ ಹಿಂದೆಯೇ ಮೆಟ್ಟಿಲು ಮೇಲೆತ್ತಿದರು.

ಹಡಗು

ಡೆಕ್ಕಿನ ಮೇಲೆ ಉಸಿರು ತಹಬಂದಿಗೆ ಬಂದ ಮೇಲೆ ಬಸವರಾಜ ತಾನಾಗಿಯೇ ಹೇಳಿದ. "ಯಕ್ಕಾ, ಇದು ಮಾಮಾರ ತಪ್ಪಲ್ಲ. ದಾರಿ ತಪ್ಪಿಸಿದಾಂವ ನಾ. ಪಂದ್ಯ ಮಾಮಾರ ಗೆದ್ರು." ಹೇಳಿ ಚಹಾ ತರಲು ಹೋದ.

ಮಾತು ನ್ಯಾಯವಾಗಿಯೇ ಇತ್ತು. ದಾರಿ ತಪ್ಪಿದ್ದು ನನ್ನ ನೆನಪಲ್ಲ, ಅವನ ಹುಲ್ಲುಕಡ್ಡಿ. ಹುಬ್ಬಳ್ಳಿಯ ಮಾತು ಇಲ್ಲಿಗೆ ಮುಗಿಯಿತು ಎಂದು ಗಿರಿಜಾಳ ಕಡೆ ತಿರುಗಿದೆ.

"ನನಗ ಗೊತ್ತಿತ್ತು," ಎಂದಳು ಅವಳು.

"ಏನ?"

"ಎಡಕ್ಕ ಹೋಗಬೇಕಂತ. ಮುಂಜಾನೆ ಬರೂವಾಗ ನೀರ ನನ್ನ ಎಡಗೈ ಕಿಟಕಿಗಿತ್ತು. ಹೋಗೂವಾಗ ಬಲಗೈಗಿರಬೇಕಲ್ಲ? ನೀವು ತಿರುಗಿದ ಕೂಡ್ಲೆ ಮತ್ತ ಎಡಗೈಗೇ ಬಂತು."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತ ಬಾಯಿ ಯಾಕ ಬಿಡಲಿಲ್ಲ? ಹಡಗ ಹೋಗಿದ್ರ?"

"ನೀವ ಅಂದಿದ್ರಲ್ರಿ. ಊಟಕ್ಕ ಕುಂತಾಗ. ನೀ ಒಂದ್ ಸಲ ದಾರಿ ತೋರಿಸಿದ್ರೂ ಪಂದ್ಯ ಕೆಡ್ತದ, ಏನಾದ್ರೂ ಆಗಲಿ ಸುಮ್ಮ ಕುಂದ್ರು ಅಂತ. ನನ್ನ ಕೈ ಮುಟ್ಟಿಸಿ ಆಣಿ ತಗೊಂಡ್ರಿ."

ಆ ಊಟವನ್ನು ಹುಡುಕಿದೆ. ರೊಟ್ಟಿ ಇತ್ತು, ಎಣ್ಣೆಗಾಯಿ ಇತ್ತು, ಬಸವರಾಜನ ನಗು ಇತ್ತು. ಆಣೆ ಇರಲಿಲ್ಲ. ಅವಳು ಕಟ್ಟಿ ಹೇಳುತ್ತಿದ್ದಾಳೆಯೇ? ಚಹಾ ಹಿಡಿದು ಬಂದ ಬಸವರಾಜನನ್ನು, ಸುಮ್ಮನೆ ಮಾತಿಗೆ ಕೇಳಿದಂತೆ ಕೇಳಿದೆ: "ಅವತ್ತ ಊಟಕ್ಕ ಕುಂತಾಗ ನಾ ನಿಮ್ಮಕ್ಕಗ ಏನ ಅಂದಿದ್ದೆ?"

"ಆಣಿ ಮಾಡಿಸಿದ್ದು? ಹೌದಲ್ಲ ಮಾಮಾ! ಎಂಜಲಗೈಲೇ ಮಾಡಿಸಿದ್ರಿ. ಅಕ್ಕ ಬೈದಿದ್ಲು."

ಚಹಾ ಕುಡಿದೆ. ಬಂದರು ದೂರವಾಯಿತು. ಕಬ್ಬಿಣದ ಅಟ್ಟಗಳು ಒಂದರ ಹಿಂದೊಂದು ಸರಿದು ಹೋದವು. ದಾರಿಯ ವಿಷಯದಲ್ಲಿ ನಾನು ಸರಿಯೋ ತಪ್ಪೋ ಎಂಬುದು ಈಗ ಮುಖ್ಯವಾಗಿರಲಿಲ್ಲ. ಅವಳು ಹಡಗನ್ನೇ ಪಣಕ್ಕಿಟ್ಟು ಕಾದುಕೊಂಡು ಬಂದ ಆಣೆಯೊಂದು ನನ್ನೊಳಗೆ ಎಲ್ಲಿಯೂ ಇರಲಿಲ್ಲ.

"ಹುಬ್ಬಳ್ಳಿಗೆ ಯಾವಾಗ ಹೋಗೂನು?" ಎಂದೆ.

ಗಿರಿಜಾ ಗೆದ್ದವಳಂತೆ ನಗಲಿಲ್ಲ. "ಊರ ಮುಟ್ಟಿದ ಮ್ಯಾಲ ಮಗಳಿಗೆ ಫೋನ ಮಾಡೂನ್ರಿ," ಎಂದಳು.

"ಆಣಿ ಗೀಣಿ ಏನ ಮಾಡಸೀನೋ, ಅದು ಇವತ್ತಿಗೆ ತೀರ್ತು. ಇನ್ನ ಮ್ಯಾಲ ನಿನಗ ಗೊತ್ತಿದ್ದದ್ದು ಸುಮ್ಮ ಇಟ್ಕೋಬ್ಯಾಡ."

ಅವಳು ತಲೆಯಾಡಿಸಿದಳು. ಎದ್ದು ಕೋಣೆಯ ಕಡೆ ನಡೆದೆವು. ಹಡಗಿನ ಒಳಗಿನ ಓಣಿಗಳೆಲ್ಲ ಒಂದೇ ತೆರ. ಅದೇ ಜಮಖಾನೆ, ಅದೇ ದೀಪ, ಅದೇ ಬಾಗಿಲುಗಳು. ಲಿಫ್ಟಿನಿಂದ ಹೊರಬಂದು ನಾನು ನಿಂತೆ. ಅವಳೂ ನನ್ನ ಬೆನ್ನ ಹಿಂದೆ ನಿಂತಳು.

"ಹೇಳು," ಎಂದೆ.

"ಎಡಕ್ಕರಿ," ಎಂದಳು.